ಸೀದ ವಾಸನೆ

ಸೀದ ವಾಸನೆಯ ಮೊದಲ ಎಳೆ ಮೂಗಿಗೆ ತಾಗಿದಾಗ ಪುಟ್ಟಿ ಕಿತ್ತಳೆ ತೊಳೆಗಳ ಮೇಲಿನ ಬಿಳಿಯ ನಾರನ್ನು ಬಿಡಿಸುತ್ತ ಕುಳಿತಿದ್ದಳು. ಅವಳ ಕೈ ನಿಂತಿತು. ಒಲೆಯ ಮುಂದೆ ಅಕ್ಕ ನಿಂತಿದ್ದಳು. ಸಣ್ಣ ಉರಿಯ ಮೇಲಿಟ್ಟ ದಪ್ಪ ತಳದ ಪಾತ್ರೆಯಲ್ಲಿ ಕಪ್ಪು ಚಾಕೊಲೇಟು ಕರಗುತ್ತಿತ್ತು. ಮರದ ಸೌಟು ಅವಸರವಿಲ್ಲದೆ ಸುತ್ತು ಹಾಕುತ್ತಿತ್ತು. ಇನ್ನೇನು ಪಾತ್ರೆ ಇಳಿಸುತ್ತಾಳೆ ಎಂದುಕೊಂಡಳು ಪುಟ್ಟಿ. ಅಕ್ಕನ ಮೂಗಿಗೆ ತಿಳಿಸದೆ ಆ ಅಡುಗೆಮನೆಯಲ್ಲಿ ಯಾವ ವಾಸನೆಯೂ ಹುಟ್ಟಿದ್ದಿಲ್ಲ.

ಅಕ್ಕ ಇಳಿಸಲಿಲ್ಲ.

ನಲವತ್ತು ದಾಟಿದ ಪುಟ್ಟಿಗೆ ಹೊರಗೆ ಬೇರೊಂದು ಹೆಸರಿತ್ತು. ಅವಳು ಪಾಠ ಹೇಳುವ ಶಾಲೆಯಲ್ಲಿ ಆ ಹೆಸರು ಕೇಳಿದರೆ ಗದ್ದಲದ ತರಗತಿಯೂ ತಣ್ಣಗಾಗುತ್ತಿತ್ತು. ಈ ಮನೆಯ ಹೊಸ್ತಿಲು ದಾಟಿದೊಡನೆ ಮಾತ್ರ ಅವಳು ಹಣ್ಣು ಸುಲಿದುಕೊಡುವ ಪುಟ್ಟಿ, ಅಷ್ಟೆ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ತಾಯಿ ತೀರಿಕೊಂಡಾಗ ಇನ್ನೂ ಸಣ್ಣವರಾಗಿದ್ದ ಅವಳನ್ನೂ ಅಣ್ಣನನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದವಳು ಅಕ್ಕನೇ. ಅದಕ್ಕಾಗಿ ತನ್ನ ಮದುವೆಯ ಮಾತನ್ನು ಮುಂದೂಡುತ್ತ ಮುಂದೂಡುತ್ತ ಕೊನೆಗೆ ಮರೆತೇಬಿಟ್ಟವಳು. ಮನೆಯಲ್ಲೇ ಕೇಕು, ಸಿಹಿತಿಂಡಿ ಮಾಡಿಕೊಡುತ್ತ ಬದುಕು ಕಟ್ಟಿಕೊಂಡ ಆಕೆಯನ್ನು ಇಡೀ ಬೀದಿ 'ಕೇಕಿನಕ್ಕ' ಎಂದು ಕರೆಯುತ್ತಿತ್ತು. ಪ್ರತಿ ಬೇಸಿಗೆ ರಜೆಯಲ್ಲಿ ಒಂದು ದಿನ ಒಡಹುಟ್ಟಿದವರೆಲ್ಲ ಅವಳಲ್ಲಿಗೆ ಬರುವುದು ವಾಡಿಕೆ. ಆ ದಿನದ ಕಿರೀಟವೆಂದರೆ ಚಾಕೊಲೇಟಿನಲ್ಲಿ ಅದ್ದಿ, ಬಣ್ಣದ ಸಕ್ಕರೆಕಾಳು ಉದುರಿಸಿ, ತಣ್ಣಗೆ ಗಟ್ಟಿಯಾಗಿಸಿದ ಹಣ್ಣುಗಳು.

ಲೋಕವೆಲ್ಲ ಚಾಕೊಲೇಟನ್ನು ಕುದಿವ ನೀರಿನ ಆವಿಯ ಮೇಲೆ ಬಟ್ಟಲಿಟ್ಟು ಕರಗಿಸುತ್ತದೆ. ಅಕ್ಕನದು ನೇರ ಬೆಂಕಿ. "ಆವಿ ಗೀವಿ ಎಲ್ಲ ನೆಗಡಿ ಹಿಡಿದವರಿಗೆ ಕಣೇ. ಮೂಗು ನೆಟ್ಟಗಿರೋರಿಗೆ ಯಾಕೆ?" ಎನ್ನುವಳು. ನಾಲಗೆಗೆ ಹಚ್ಚಿ ರುಚಿ ನೋಡುವುದೂ ಅವಳ ಲೆಕ್ಕದಲ್ಲಿ ಕಲಿಯುವವರ ಕೆಲಸ. ಬಂದವರೆಲ್ಲ ತಿಂದಾದ ಮೇಲೆಯೇ ಅವಳು ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದುದು.

ವಾಸನೆ ಈಗ ಎಳೆಯಾಗಿ ಉಳಿದಿರಲಿಲ್ಲ. ಅದು ಪುಟ್ಟಿಯ ಗಂಟಲಿನವರೆಗೂ ಇಳಿಯಿತು. ಆಗಲೇ ಅಕ್ಕ ಬಾಗಿದಳು. ಸೆರಗನ್ನು ಹಿಂದಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ, ಪಾತ್ರೆಯ ಮೇಲೆ ಮುಖವಿಟ್ಟು ದೀರ್ಘವಾಗಿ ಉಸಿರೆಳೆದಳು.

"ಹಾಂ... ಈಗ ಬಂತು ನೋಡು ಘಮ," ಎಂದಳು.

ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಕಸದ ಚೀಲ ಗಬ್ಬೆದ್ದು ನಾರುತ್ತಿದ್ದರೂ ಅಕ್ಕ ಅದರ ಪಕ್ಕದಲ್ಲೇ ನಿಂತು ಹಾಡು ಗುನುಗುತ್ತಿದ್ದಳು. ಚಳಿಗಾಲದಲ್ಲಿ ಅವಳನ್ನು ಹಾಸಿಗೆ ಹಿಡಿಸಿದ್ದ ಆ ಕೆಟ್ಟ ಜ್ವರ ಪುಟ್ಟಿಗೆ ನೆನಪಾಯಿತು. ಎರಡನ್ನೂ ಹೊಂದಿಸಿ ನೋಡಲು ಪಾಂಡಿತ್ಯವೇನೂ ಬೇಕಿರಲಿಲ್ಲ. ಅಕ್ಕನಿಗೆ ವಾಸನೆ ತಿಳಿಯುತ್ತಿಲ್ಲ.

"ಅಕ್ಕ, ಸೀಯ್ತಾ ಇದೆ" ಎನ್ನಲು ಎಷ್ಟು ಹೊತ್ತು ಬೇಕು? ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅದಕ್ಕಿಂತ ಮೊದಲು ಬೇರೊಂದು ನೆನಪು ಎದ್ದು ದಾರಿಗೆ ಅಡ್ಡ ನಿಂತಿತು. ಕಳೆದ ಬೇಸಿಗೆಯಲ್ಲಿ ಪುಟ್ಟಿ ತನ್ನ ಮನೆಯಲ್ಲಿ ವಾರವಿಡೀ ಕೈ ಪಳಗಿಸಿಕೊಂಡು, ಬಿಳಿ ಚಾಕೊಲೇಟಿನಲ್ಲಿ ಅದ್ದಿದ ಸ್ಟ್ರಾಬೆರಿಗಳನ್ನು ಒಂದು ಡಬ್ಬದಲ್ಲಿ ಜೋಡಿಸಿ ತಂದಿದ್ದಳು. ಅಕ್ಕ ಮುಚ್ಚಳ ತೆರೆದು, ದೂರದಿಂದಲೇ ಮೂಸಿ, "ಜಿಡ್ಡು ವಾಸನೆ. ಮಕ್ಕಳಿಗೆ ಕೊಡಬೇಡಿ," ಎಂದು ಎಲ್ಲರೆದುರು ಡಬ್ಬವನ್ನು ಅಟ್ಟದ ಮೇಲಿಟ್ಟಿದ್ದಳು. "ಟೀಚರಮ್ಮ ಹಣ್ಣನ್ನ ಸುಣ್ಣಕ್ಕೆ ಅದ್ದಿರಬೇಕು ಬಿಡು," ಎಂದಿದ್ದ ಅಣ್ಣ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಪುಟ್ಟಿಯೂ ನಕ್ಕಿದ್ದಳು. ಆ ನಗು ವರ್ಷವೆಲ್ಲ ಅವಳ ಹಲ್ಲಿನ ಸಂದಿಯಲ್ಲಿ ನಾರಿನಂತೆ ಸಿಕ್ಕಿಕೊಂಡಿತ್ತು.

ಮನುಷ್ಯನ ಒಳವೈರಿಗಳನ್ನು ಎಣಿಸಿದ ಹಿರಿಯರು ಮಾತ್ಸರ್ಯವನ್ನು ಕಟ್ಟಕಡೆಗೆ ಇರಿಸಿದರು. ಅದು ಸಣ್ಣದೆಂದಲ್ಲ; ಉಳಿದವು ಸದ್ದು ಮಾಡಿಕೊಂಡು ಬಂದರೆ ಇದು ಮನೆಯವರ ಚಪ್ಪಲಿಯನ್ನೇ ಮೆಟ್ಟಿಕೊಂಡು ಒಳಗೆ ಬರುತ್ತದೆ. ಒಂದು ಸಲ, ಒಂದೇ ಒಂದು ಸಲ, ಅಕ್ಕನ ತಟ್ಟೆಯನ್ನೂ ಜನ ಪಕ್ಕಕ್ಕೆ ಸರಿಸುವುದನ್ನು ನೋಡಬೇಕು. ಪುಟ್ಟಿ ಬಯಸಿದ್ದು ಅಷ್ಟೇ.

ಅವಳು ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲುಗಳನ್ನು ತೆರೆದಳು.

"ಅಯ್ಯೋ, ಧೂಳು ಬರುತ್ತೆ ಕಣೇ."

"ಸೆಕೆ ಅಕ್ಕ."

ಬರುವವರಿಗೆ ಸುಳಿವು ಸಿಗದಂತೆ ಹೊಗೆಯ ವಾಸನೆ ಹೊರಗೆ ಹೋಯಿತು. ಅಕ್ಕ ಕೊನೆಗೂ ಪಾತ್ರೆ ಇಳಿಸಿದಳು. ಗಂಟು ಕಟ್ಟಿದ್ದ ಚಾಕೊಲೇಟಿಗೆ ಎರಡು ತುಂಡು ಬೆಣ್ಣೆ ಹಾಕಿ ರಪರಪನೆ ತಿರುವಿದಳು. ಗಂಟು ಒಡೆದು ಹೊಳಪು ಬಂತು.

"ಹೇಗಿದೆಯೇ?"

"ಚೆನ್ನಾಗಿ ಹೊಳೀತಿದೆ," ಎಂದಳು ಪುಟ್ಟಿ. ಅದು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಇಷ್ಟು ಕೆಟ್ಟದ್ದು ಆಗುತ್ತಿರಲಿಲ್ಲವೇನೋ.

ಇಬ್ಬರೂ ಮೇಜಿನ ಎರಡು ಬದಿಗೆ ಕುಳಿತು ಹಣ್ಣು ಅದ್ದತೊಡಗಿದರು. ಸ್ಟ್ರಾಬೆರಿಯನ್ನು ಎಲೆಯ ತೊಟ್ಟು ಹಿಡಿದು, ಬಾಳೆಹಣ್ಣಿನ ಬಿಲ್ಲೆಯನ್ನು ಕಡ್ಡಿಗೆ ಚುಚ್ಚಿ, ಕಿತ್ತಳೆ ತೊಳೆಯನ್ನು ಅರ್ಧದವರೆಗೆ ಮಾತ್ರ. ಮೇಲೆತ್ತಿ, ಹನಿ ಜಾರುವ ತನಕ ಕಾದು, ಬೆಣ್ಣೆ ಸವರಿದ ಕಾಗದದ ಮೇಲೆ ಮಲಗಿಸಬೇಕು. ಅಕ್ಕನ ಬೆರಳುಗಳಿಗೆ ಆ ಕಾಯುವಿಕೆ ಮೈಗೂಡಿತ್ತು. ಸಾಲುಸಾಲಾಗಿ ಮಲಗಿದ ಹಣ್ಣುಗಳ ಮೇಲೆ ಕೆಂಪು, ಹಳದಿ ಕಾಳುಗಳನ್ನು ಉದುರಿಸುತ್ತ ಅವಳು ತಲೆ ಎತ್ತದೆಯೇ ಹೇಳಿದಳು:

"ಪುಟ್ಟಿ, ಹೋದ ವರ್ಷ ನಿನ್ನ ಡಬ್ಬ ಎತ್ತಿಟ್ಟೆನಲ್ಲ..."

"ಬಿಡು ಅಕ್ಕ, ಹಳೇದು."

"ಬಿಡು ಅಂದ್ರೆ ಬಿಟ್ಟು ಹೋಗುತ್ತಾ? ನೀವೆಲ್ಲ ಹೋದಮೇಲೆ ಕೆಳಗಿಳಿಸಿ ತಿಂದೆ. ಚೆನ್ನಾಗಿತ್ತು ಕಣೇ. ಒಂದೂ ಉಳಿಸಲಿಲ್ಲ. ಫೋನ್ ಮಾಡಿ ಹೇಳೋಣ ಅಂತ ಎಷ್ಟು ಸಲ ಅಂದ್ಕೊಂಡೆ. ಈ ಹಾಳು ಬಾಯಿ, ಬೈಯೋಕಾದ್ರೆ ಬೇಗ ಬರುತ್ತೆ."

ಪುಟ್ಟಿಯ ಕೈಯಲ್ಲಿದ್ದ ಸ್ಟ್ರಾಬೆರಿ ಜಾರಿ ಪಾತ್ರೆಯೊಳಗೆ ಮುಳುಗಿತು. ಅಕ್ಕ ಚಮಚದಿಂದ ಅದನ್ನೆತ್ತಿ, "ಈಜು ಬರಲ್ಲ ಪಾಪ ಅದಕ್ಕೆ," ಎಂದು ನಕ್ಕಳು.

ಈಗಲಾದರೂ ಹೇಳಬಹುದಿತ್ತು. ಒಳಗೆ ಇನ್ನೊಂದು ಪೊಟ್ಟಣ ಚಾಕೊಲೇಟು ಇತ್ತು; ಹಣ್ಣೂ ಇತ್ತು. ಆದರೆ ಈಗ ಹೇಳಿದರೆ, ಆಗಲೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಅದರ ಬಾಲ ಹಿಡಿದು ಬರುತ್ತದೆ. ತಪ್ಪಿನ ಬಾಗಿಲು ಒಳಗೆ ಹೋಗುವಾಗ ಅಗಲ, ಹೊರಗೆ ಬರುವಾಗ ಇಕ್ಕಟ್ಟು. ಪುಟ್ಟಿ ಇನ್ನೊಂದು ಕಿತ್ತಳೆ ತೊಳೆಯನ್ನು ಕೈಗೆತ್ತಿಕೊಂಡಳು.

ಮಧ್ಯಾಹ್ನಕ್ಕೆ ಎಲ್ಲರೂ ಬಂದರು. ಅಣ್ಣ, ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು, ಬಾಗಿಲಲ್ಲೇ "ಊಟ ಆಯ್ತಾ, ಇಲ್ಲಾ ನನಗೋಸ್ಕರ ಕಾಯ್ತಿದ್ದೀರಾ?" ಎಂದು ಕೂಗುತ್ತ ಸೋದರಮಾವ. ಹಜಾರದ ತುಂಬ ಬಣ್ಣದ ಕಾಗದದ ಮಾಲೆಗಳು ಫ್ಯಾನಿನ ಗಾಳಿಗೆ ಸರಸರ ಎನ್ನುತ್ತಿದ್ದವು. ಊಟ ಮುಗಿದ ಮೇಲೆ ಅಕ್ಕ ಫ್ರಿಜ್ಜಿನಿಂದ ದೊಡ್ಡ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಪುಟ್ಟಿ ಗೋಡೆಗೆ ಒರಗಿ ನಿಂತಳು.

ದೊಡ್ಡ ಹುಡುಗಿ ಮೊದಲ ಸ್ಟ್ರಾಬೆರಿ ಕಚ್ಚಿದಳು. ಅವಳ ಮುಖ ಮುದುಡಿತು. "ಥೂ, ಸುಟ್ಟ ವಾಸನೆ!"

"ಏಯ್, ಹಾಗೆಲ್ಲ ಅನ್ನಬಾರದು," ಎಂದ ಅತ್ತಿಗೆ ತಾವೊಂದು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿದರು. ಮಾವ ಮಾತ್ರ ಧೈರ್ಯದಿಂದ ನುಂಗಿ, ನೀರು ಕುಡಿದು, "ಕಹಿ ಚಾಕೊಲೇಟೇ ಈಗ ಫ್ಯಾಷನ್ನಂತೆ. ಔಷಧಿ ಅಂಗಡೀಲೂ ಮಾರಬಹುದು," ಎಂದರು.

ಅಣ್ಣ ಹಣ್ಣನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ಅಕ್ಕನ ಕೈ ಅಲ್ವೇ ಅಲ್ಲ. ಲೇ ಪುಟ್ಟಿ, ನಿಜ ಹೇಳು. ಒಲೆ ಮುಂದೆ ನೀನು ನಿಂತಿದ್ದೆ ತಾನೇ?"

ಎಲ್ಲರ ಕಣ್ಣೂ ಗೋಡೆಯ ಕಡೆಗೆ ತಿರುಗಿದವು. ಅಕ್ಕ ಒಂದು ಕಿತ್ತಳೆ ತೊಳೆಯನ್ನು ಎತ್ತಿ ಮೆಲ್ಲನೆ ಕಚ್ಚಿದಳು. ಮೂಗು ಸತ್ತಿದ್ದರೂ ಕಹಿ ತಿಳಿಯುವ ನಾಲಗೆ ಇನ್ನೂ ಬದುಕಿತ್ತು. ಪುಟ್ಟಿ ನೋಡುತ್ತಿದ್ದಂತೆಯೇ ಆ ಮುಖದ ರಕ್ತ ಇಳಿಯಿತು. ಪುಟ್ಟಿ ವರ್ಷವಿಡೀ ನೋಡಬೇಕೆಂದುಕೊಂಡಿದ್ದುದು ಇದನ್ನೇ. ಈಗ ನೋಡಲಾಗದೆ ಅವಳು ಕಣ್ಣು ತಗ್ಗಿಸಿದಳು.

"ಹೌದು, ನಾನೇ," ಎಂದಳು. "ಅಕ್ಕ ಫೋನಲ್ಲಿದ್ದಳು. ನೋಡ್ಕೋ ಅಂದಿದ್ದಳು. ನಾನೇ ಸೀಯಿಸಿದೆ."

"ನಾನು ಹೇಳಲಿಲ್ವಾ!" ಎಂದು ಅಣ್ಣ ತೊಡೆ ತಟ್ಟಿದ. "ಹೋದ ವರ್ಷ ಸುಣ್ಣ, ಈ ವರ್ಷ ಇದ್ದಿಲು. ಮುಂದಿನ ವರ್ಷ ಗೋಡೆಗೇ ಬಣ್ಣ ಹೊಡೆಸೋಣ ಇವಳ ಕೈಲಿ."

ನಗು ಹಜಾರವನ್ನು ತುಂಬಿತು. ಆ ನಗೆಯಲ್ಲಿ ಮಿಂದರೆ ಮೈ ಹಗುರಾದೀತೆಂದು ಪುಟ್ಟಿ ಅಂದುಕೊಂಡಿದ್ದಳು. ಆಗಲಿಲ್ಲ. ಮಾಡಿದ ತಪ್ಪನ್ನು ಮುಚ್ಚಿಟ್ಟುಕೊಂಡು ಮಾಡದ ತಪ್ಪನ್ನು ಹೊತ್ತರೆ ಹೆಗಲಿಗೆ ಎರಡು ಭಾರ. ಅಕ್ಕ ನಗಲಿಲ್ಲ, ಅಲ್ಲಗಳೆಯಲೂ ಇಲ್ಲ. ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಪುಟ್ಟಿ ಹಿಂದೆಯೇ ಹೋದಳು.

ಅಡುಗೆಮನೆಯಲ್ಲಿ ಅಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟು ಅದರ ಅಂಚನ್ನು ಹಿಡಿದೇ ನಿಂತಳು.

"ಯಾಕೆ ಹಾಗಂದೆ?"

"ಸುಮ್ನೆ."

"ನನಗೆ ವಾಸನೆ ಬರಲ್ಲ ಕಣೇ." ಹೊರಗಿನವರಿಗೆ ಕೇಳಿಸೀತೆಂಬ ಭಯದಿಂದ ಅಕ್ಕನ ದನಿ ಪಿಸುಮಾತಾಯಿತು. "ಆ ಜ್ವರ ಬಂದು ಹೋದಾಗಿಂದ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಕೇಕಿನಕ್ಕನ ಹತ್ರ ಯಾರು ಕೇಕು ತಗೋತಾರೆ? ಮೂಸಿ ನೋಡೋ ಹಾಗೆ ನಟನೆ ಮಾಡ್ತೀನಿ, ಕೆಲಸ ಎಲ್ಲ ಗಡಿಯಾರ ನೋಡ್ಕೊಂಡೇ. ಇಷ್ಟು ದಿನ ಒಂದೂ ಕೆಟ್ಟಿರಲಿಲ್ಲ."

"ಇವತ್ತು?"

"ಇವತ್ತು ಗಡಿಯಾರ ನೋಡಲಿಲ್ಲ." ಅಕ್ಕ ನಕ್ಕಂತೆ ಮಾಡಿದಳು. "ನೀನು ಪಕ್ಕದಲ್ಲೇ ಇದ್ದೆಯಲ್ಲ. ಸೀದರೆ ಹೇಳ್ತೀಯ ಅಂದ್ಕೊಂಡೆ."

ಬಿಸಿಗಾಳಿಗೆ ಕಿಟಕಿಯ ಬಾಗಿಲು ಒಮ್ಮೆ ಬಡಿದುಕೊಂಡು ಮತ್ತೆ ತೆರೆದುಕೊಂಡಿತು. ಅಕ್ಕ ಅತ್ತ ನೋಡಿದಳು. ನೋಡುತ್ತಲೇ ನಿಂತಳು. ಆಮೇಲೆ ತಂಗಿಯ ಕಡೆಗೆ ತಿರುಗಿದಳು.

"ಗೊತ್ತಾಗಿತ್ತು ಅಕ್ಕ," ಎಂದಳು ಪುಟ್ಟಿ. "ಪಾತ್ರೆ ಒಲೆ ಮೇಲಿದ್ದಾಗಲೇ. ನಿನಗೆ ವಾಸನೆ ಬರ್ತಿಲ್ಲ ಅನ್ನೋದೂ. ಗೊತ್ತಿದ್ದೂ ಸುಮ್ಮನಿದ್ದೆ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಪುಟ್ಟಿ ಅವಳ ಕಾಲಿಗೆ ಬೀಳುತ್ತಿದ್ದಳು. ಸೀದ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು, ತೋಳು ಮಡಿಸಿ, ಅಕ್ಕ ತಳವನ್ನು ಉಜ್ಜತೊಡಗಿದಳು. ಕರಿ ಬಿಡುವಂತಿರಲಿಲ್ಲ. "ನಾನು ತೊಳೀತೀನಿ ಕೊಡು," ಎಂದು ಪುಟ್ಟಿ ಕೈ ಚಾಚಿದಳು. ಅಕ್ಕ ಪಾತ್ರೆ ಬಿಡಲಿಲ್ಲ.

"ಅಕ್ಕಾ, ಬಾಯಿ ಕಹಿ ಕಹಿ ಆಗಿದೆ. ಎಲ್ಲರಿಗೂ ಕಾಫಿ ಆಗಲಿ!" ಎಂದು ಅಣ್ಣ ಹಜಾರದಿಂದ ಕೂಗಿದ.

"ಬಂದೆ," ಎಂದಳು ಅಕ್ಕ. ದನಿ ಎಂದಿನಂತೆಯೇ ಇತ್ತು.

ಕೈ ಒರೆಸಿಕೊಂಡು ಅವಳು ಬೆಳಿಗ್ಗೆ ಕಾಯಿಸಿಟ್ಟಿದ್ದ ಹಾಲಿನ ಪಾತ್ರೆಯನ್ನು ಕಟ್ಟೆಯಿಂದ ಎತ್ತಿದಳು. ಅಂಥ ಸೆಕೆಗೆ ಹಾಲು ಇಷ್ಟು ಹೊತ್ತು ನಿಂತಿರುವುದು ಅನುಮಾನವೇ. ಮುಚ್ಚಳ ತೆಗೆದು, ಜನ್ಮದ ಅಭ್ಯಾಸದಂತೆ ಮೂಗಿನ ಬಳಿ ತಂದವಳು ಅರ್ಧದಲ್ಲೇ ನಿಂತಳು. ಹಜಾರದಲ್ಲಿ ಮಾವ ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಅಕ್ಕ ಒಂದು ಹೆಜ್ಜೆ ಮುಂದೆ ಬಂದು ಆ ಪಾತ್ರೆಯನ್ನು ತಂಗಿಯ ಮುಖದ ಬಳಿ ಹಿಡಿದಳು.

ಪುಟ್ಟಿ ತಲೆ ಬಾಗಿಸಿ ಉಸಿರೆಳೆದುಕೊಂಡಳು. ಅಕ್ಕನ ಕಣ್ಣು ಹಾಲಿನ ಮೇಲಲ್ಲ, ತಂಗಿಯ ಮುಖದ ಮೇಲಿತ್ತು.