ಗೋಡೆಗೆ ತೂಗುಹಾಕಿದ ಕೌದಿ

ಕಾಲುವೆ ನೀರು ಹೊಲಕ್ಕೆ ಬಂದು ವರ್ಷಕ್ಕೆರಡು ಬೆಳೆ ಭತ್ತ ಕೈಗೆ ಸಿಗತೊಡಗಿದ ಮೇಲೆ ಮೌನಪ್ಪ ಹಳೆಯ ಮಣ್ಣಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ. ಪಡಸಾಲೆಯೋ, ಎತ್ತು ಹೂಡಿ ತಿರುಗಿಸಬಹುದು, ಅಷ್ಟು ದೊಡ್ಡದು. ನೆಲಕ್ಕೆ ಟೈಲ್ಸು, ಗೋಡೆಗೆ ನುಣ್ಣನೆ ಸಿಮೆಂಟು. ಊರೆಲ್ಲ ಹೊಗಳಿತು. ಅವನ ತಾಯಿ ತಿಮ್ಮವ್ವನಿಗೆ ಮಾತ್ರ ಆ ಮನೆ ಹೊಕ್ಕಾಗಿನಿಂದ ಯಾರ ಮಾತೂ ಸರಿಯಾಗಿ ತಿಳಿಯದಾಯಿತು.

ಸದ್ದೇನೋ ಕೇಳುತ್ತಿತ್ತು, ಮಾತು ಬಿಡಿಸಿ ಕೇಳುತ್ತಿರಲಿಲ್ಲ. ತಿಮ್ಮವ್ವ ಹೆದರಿದಳು. ಅವಳ ಹಡೆದವ್ವನಿಗೂ ಇದೇ ವಯಸ್ಸಿನಲ್ಲಿ ಕಿವಿ ಹೋಗಿದ್ದವು. ಮನೆಯವರು ಮೊದಮೊದಲು ಕೂಗಿ ಹೇಳಿದರು, ಆಮೇಲೆ ಹೇಳುವುದನ್ನೇ ಬಿಟ್ಟರು. ಆ ಗತಿ ತನಗೂ ಬಂತೆಂದು ತಿಮ್ಮವ್ವ ಯಾರಿಗೂ ಬಾಯಿ ಬಿಡಲಿಲ್ಲ. ಏನು ಕೇಳಿದರೂ ‘ಹೂಂ’ ಎನ್ನುವ ಉಪಾಯ ಹೂಡಿದಳು. ಹೊಸ ಮನೆಗೇ ಮದುವೆಯಾಗಿ ಬಂದ ಸೊಸೆ ಸಾಯಬಮ್ಮನ ಶುಂಠಿ ಚಹವನ್ನು ಹೀಗೆ ಹೂಂ ಅಂದೂ ಅಂದೂ ಮೂರು ಹೊತ್ತು ಗಂಟಲಿಗಿಳಿಸಿದಳು.

ಸಾಯಬಮ್ಮ ಸುರಪುರದ ಶಾಲೆಯೊಂದರಲ್ಲಿ ಟೀಚರು. ಮಕ್ಕಳಿಗೆ ಪದ್ಯ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವ ಹುಚ್ಚು ಅವಳಿಗೆ. ಈ ಮನೆಯಲ್ಲಿ ಓದಿದ್ದೆಲ್ಲ ಬಾವಿಯೊಳಗಿಂದ ಬಂದಂತೆ ಗುಂಯ್‌ಗುಡುತ್ತಿತ್ತು. ಹೆಂಡತಿಯ ಗೋಳು ನೋಡಲಾರದೆ ಮೌನಪ್ಪ ಯಾದಗಿರಿಯಿಂದ ಚೀಲ ತುಂಬ ಕಪ್ಪು ಫೋಮಿನ ತುಂಡು ತಂದ. ಗೋಡೆಗೆ ಹಚ್ಚಿದರೆ ಆ ಗುಂಯ್ ಸದ್ದನ್ನು ಅವು ಕುಡಿದುಬಿಡುತ್ತವಂತೆ.

ಲಕ್ಷಗಟ್ಟಲೆ ಸುರಿದ ಗೋಡೆಗೆ ಎಮ್ಮೆ ತಿಕ್ಕುವ ಸ್ಪಂಜು ಹಚ್ಚುತ್ತಾನಲ್ಲ ಎಂದು ತಿಮ್ಮವ್ವ ನಕ್ಕಳು. ಮೌನಪ್ಪ ಕಿವಿಗೆ ಹಾಕಿಕೊಳ್ಳದೆ ಅಂಟು ಬಳಿದು ಸಾಲಾಗಿ ಹಚ್ಚಿದ. ಬೆಳಗಾಗುವಷ್ಟರಲ್ಲಿ ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. ಅರ್ಧ ತುಂಡುಗಳು ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ನೆಲದ ಮೇಲೆ ಬಿದ್ದಿದ್ದವು.

ಮಗನ ಮೋರೆ ನೋಡಿ ತಿಮ್ಮವ್ವನ ಕರುಳು ಚುರ್ ಎಂದಿತು. ಹೊಸ ಮನೆಗೆ ಒಪ್ಪುವುದಿಲ್ಲವೆಂದು ಗಂಟು ಕಟ್ಟಿಟ್ಟಿದ್ದ, ಹಳೆ ಸೀರೆಗಳ ಪದರ ಹೊಲಿದ ದಪ್ಪ ಕೌದಿಗಳನ್ನು ಬಿಚ್ಚಿದಳು. ದಬ್ಬಣ ಹಿಡಿದು ಫೋಮಿನ ತುಂಡುಗಳನ್ನೆಲ್ಲ ಕೌದಿಗಳಿಗೆ ಹೊಲಿದಳು. ಮೌನಪ್ಪ ಅವುಗಳ ಮೇಲಂಚಿಗೆ ಬಿದಿರಿನ ಗಳ ಸೇರಿಸಿ, ಎದುರುಬದುರು ಗೋಡೆಗಳಿಗೆ ಮೊಳೆ ಹೊಡೆದು ತೂಗುಹಾಕಿದ. ಈ ಸಲ ಒಂದೂ ಬೀಳಲಿಲ್ಲ.

ತಿಮ್ಮವ್ವ ಅತ್ತ ತಿರುಗಿ ಉಳಿದ ದಾರ ಸುತ್ತುತ್ತಿದ್ದಳು. ಪಡಸಾಲೆಯ ಇನ್ನೊಂದು ತುದಿಯಲ್ಲಿ ಸಾಯಬಮ್ಮ ಗಂಡನಿಗೆ ಮೆಲ್ಲಗೆ ಹೇಳಿದಳು:

“ಅತ್ತಿಯವ್ರಿಗೆ ಕಿವಿ ಕೇಳವಲ್ದು. ಒದರಿ ಮಾತಾಡಿದ್ರ ಬೈದಂಗಾಗ್ತದ, ನನ್ನ ಜೀವ ಹಳಹಳಿಸ್ತದ. ಕಲಬುರಗಿಗೆ ಕರಕೊಂಡು ಹೋಗಿ ತೋರಸೂನ್ರಿ.”

ಒಂದೊಂದು ಮಾತೂ ಕಾಳು ಆರಿಸಿಟ್ಟಂತೆ ಬಿಡಿಬಿಡಿಯಾಗಿ ಕೇಳಿತು. ತಿಮ್ಮವ್ವನ ಕೈಯಿಂದ ದಾರದ ಉಂಡೆ ಜಾರಿತು. ಎದ್ದವಳೇ ಸೊಸೆಯ ರಟ್ಟೆ ಹಿಡಿದು ಬರಿಗೋಡೆಯ ಕೋಣೆಗೆ ಎಳೆದೊಯ್ದು, ಅದೇ ಮಾತನ್ನು ಅಷ್ಟೇ ಮೆಲ್ಲಗೆ ಹೇಳಿಸಿದಳು. ಅಲ್ಲಿ ಮತ್ತದೇ ಗುಂಯ್. ಪಡಸಾಲೆಗೆ ಕರೆತಂದು ಇನ್ನೊಮ್ಮೆ ಹೇಳಿಸಿದಳು. ಮಾತು ಸ್ವಚ್ಛವಾಗಿ ಕೇಳಿತು.

“ನನ್ನ ಕಿವಿ ನೆಟ್ಟಗ ಅದಾವ,” ಎಂದಳು. “ಕೆಟ್ಟಿದ್ದು ಈ ಮನಿ.”

ಹಾಗೆಂದು ನೆಲದ ಮೇಲೆ ಕುಸಿದು ಅತ್ತಳು. ಇಷ್ಟು ದಿನ ಎದೆಯ ಮೇಲಿದ್ದ ಭಾರ ಇಳಿದು ಅಳುವಿನ ನಡುವೆಯೇ ನಗುವೂ ಬಂತು. ಸಾಯಬಮ್ಮ ತಾನೂ ಕಣ್ಣೊರೆಸಿಕೊಂಡು, ದಿನದಂತೆ ಒದರದೆ ಮೆತ್ತಗೆ, ಒಂದಿಷ್ಟು ಚಾ ಮಾಡಲೇ ಎಂದು ಕೇಳಿದಳು.

“ಬ್ಯಾಡವಾ,” ಎಂದಳು ತಿಮ್ಮವ್ವ. “ನನಗ ಶುಂಠಿ ಚಾ ಮೊದಲಿಂದಾನೂ ಸೇರಂಗಿಲ್ಲ.”