ಕಾರಿನೊಳಗೆ ಒಂದು ರಾಣಿ

ಜೇನು ಸಾಕುವ ಅಕ್ಕನಿಗೆ ಕಣ್ಣಿಗಿಂತ ಕಿವಿಯ ಮೇಲೆ ಹೆಚ್ಚು ನಂಬಿಕೆ. ಪೆಟ್ಟಿಗೆಗೆ ಕಿವಿಯಿಟ್ಟರೆ ಸಾಕು, ಒಳಗಿರುವುದು ಹಸಿವೋ, ಜಗಳವೋ, ನೆಮ್ಮದಿಯೋ ಅವಳಿಗೆ ತಿಳಿಯುತ್ತಿತ್ತು. ಆ ವಾರ ಕೇಳಿಸಿದ್ದು ನರಳಿಕೆ. ರಾಣಿ ಹುಳ ಸತ್ತಿತ್ತು. ಚಳಿಗಾಲ ಬಾಗಿಲಿಗೆ ಬಂದಿತ್ತು. ಹೊಸ ರಾಣಿ ಸಿಗದಿದ್ದರೆ ಉಳಿದಿದ್ದ ಆ ಒಂದೇ ಪೆಟ್ಟಿಗೆಯೂ ಬರಿದಾಗುತ್ತಿತ್ತು.

ಟ್ಯಾಕ್ಸಿ ಓಡಿಸುವ ತಮ್ಮ ತನ್ನ ಎಲೆಕ್ಟ್ರಿಕ್ ಕಾರಿನಲ್ಲಿ ಅವಳನ್ನು ಬೆಟ್ಟದಾಚೆಗೆ ಕರೆದೊಯ್ದು, ರಾಣಿಯನ್ನು ಕೊಡಿಸಿ ಮನೆಗೆ ಹೊರಟಿದ್ದ. ಬೆಂಕಿಪೊಟ್ಟಣದಷ್ಟು ಮರದ ಪಂಜರ, ಒಂದು ಬದಿಗೆ ಜಾಲರಿ, ಒಳಗೆ ರಾಣಿ, ಅವಳಿಗೆ ಉಣಿಸಿ ಕಾಯುವ ನಾಲ್ಕಾರು ಹುಳು. ಹೊತ್ತು ಮುಳುಗುವಾಗ ಸೇತುವೆಯ ಬಳಿ ಅಡ್ಡಗಂಬ ಇಳಿದಿತ್ತು. ಹೊಳೆ ಏರಿದೆ, ಬೆಳಕು ಹರಿಯುವವರೆಗೆ ಯಾರನ್ನೂ ಬಿಡುವುದಿಲ್ಲ ಎಂದ ಕಾವಲಿನವನು. ಚಾರ್ಜ್ ಮಾಡುವ ಜಾಗ ಸೇತುವೆಯಾಚೆ. ಇದ್ದ ಚಾರ್ಜು ಅಲ್ಲಿಗೆ ಮುಟ್ಟಲು ಸಾಲುವಷ್ಟು ಮಾತ್ರ.

ರಾತ್ರಿಯೆಲ್ಲ ಹೀಟರ್ ಹಾಕಿಟ್ಟರೆ ಕಾರು ದಾರಿಯಲ್ಲೇ ಕೈಕೊಡುತ್ತದೆ. ಆರಿಸಿದರೆ ಚಳಿಗೆ ರಾಣಿ ಉಳಿಯುವುದಿಲ್ಲ. ಅಕ್ಕ ಪಂಜರವನ್ನು ಸ್ವೆಟರಿನೊಳಗೆ ಎದೆಗವಚಿಕೊಂಡು, ನನ್ನ ಮೈಕಾವೇ ಸಾಕು, ಆರಿಸು ಎಂದಳು. ತಮ್ಮ ಹೂಂ ಅಂದ. ಅವಳ ಕೈ ಮಂಜುಗಡ್ಡೆಯಾಗಿದ್ದುದನ್ನು ಅವನು ಮುಟ್ಟಿ ನೋಡಿದ್ದ. ಹೀಟರನ್ನು ಸಣ್ಣಗೆ ಹಾಗೇ ಬಿಟ್ಟ.

ಸೀಟು ವಾಲಿಸಿ ಇಬ್ಬರೂ ಮಲಗಿದರು. ಅಕ್ಕ ಮನಸ್ಸಿನಲ್ಲೇ ದೇವರನ್ನು ನೆನೆದಳು. ಕತ್ತಲಲ್ಲಿ ಮೆಲ್ಲನೆ ಒಂದು ಗುಂಯ್‌ಕಾರ ಕೇಳಿಸಿತು.

"ಹಾಡ್ತಿವೆ ಕಣೋ," ಎಂದಳು.

ತಮ್ಮನ ಕಣ್ಣು ಪರದೆಯಲ್ಲಿದ್ದ ಚಾರ್ಜಿನ ಅಂಕಿಯ ಮೇಲಿತ್ತು. ಅದು ಇಳಿಯುತ್ತಲೇ ಇತ್ತು. ಕೊನೆಗೆ ತಡೆಯಲಾರದೆ ಕೈಚಾಚಿ ಹೀಟರ್ ಆರಿಸಿದ.

ಸದ್ದು ನಿಂತಿತು.

ಅಕ್ಕ ದಡಕ್ಕನೆ ಎದ್ದು ಕೂತಳು. "ಹೋದ್ವು ಕಣೋ. ಈಗ ತಾನೇ ಹಾಡ್ತಿದ್ವು."

"ಅದು ಹುಳದ ಸದ್ದಲ್ಲ ಅಕ್ಕ, ಕಾರಿಂದು. ಹೀಟರ್ ಆರಿಸಿರಲಿಲ್ಲ ನಾನು."

"ಹಾಗಾದ್ರೆ ಇಷ್ಟು ಹೊತ್ತು ನಾನು ಕೇಳಿದ್ದು?"

ತಮ್ಮನ ಸುಳ್ಳಿಗಿಂತ ತನ್ನ ಕಿವಿ ಮಾಡಿದ ಮೋಸವೇ ಅವಳಿಗೆ ದೊಡ್ಡದಾಗಿ ಕಂಡಿತು. ಹುಳು ಯಾವಾಗ ಸುಮ್ಮನಾದವೋ, ದಾರಿಯಲ್ಲೇ ಸತ್ತಿದ್ದವೋ, ಒಂದೂ ತಿಳಿಯದು. ಪಂಜರ ಹೊರತೆಗೆದು, ಜಾಲರಿಗೆ ತುಟಿ ತಾಗಿಸಿ ಬಿಸಿಯುಸಿರು ಬಿಟ್ಟಳು. ಏನಿಲ್ಲ. ಮತ್ತೆ ಬಿಟ್ಟಳು. ಗಾಜೆಲ್ಲ ಮಸುಕಾಯಿತು. ತಮ್ಮ ತನಗೆ ಬರುವ ದೇವರ ಹೆಸರನ್ನೆಲ್ಲ ಹೇಳಿ ಮುಗಿಸಿ ಮೊದಲಿನಿಂದ ಶುರುಮಾಡಿದ.

ಅಕ್ಕನ ತುಟಿಗೆ ಎಳ್ಳುಕಾಳಿನಷ್ಟು ಏನೋ ತಾಗಿ ಹರಿದಾಡಿತು. ತಮ್ಮ ಅಂಗೈ ಮರೆಯಲ್ಲಿ ಮೊಬೈಲ್ ಬೆಳಕು ಹಿಡಿದ. ಹುಳುಗಳ ನಡುವೆ ನೀಳ ಹೊಟ್ಟೆಯ ರಾಣಿ ನಿಧಾನಕ್ಕೆ ಕಾಲೆತ್ತಿ ಇಡುತ್ತಿದ್ದಳು.

"ಇದ್ದಾಳೆ," ಎಂದಳು ಅಕ್ಕ. "ಇನ್ನು ನೀನು ಇಟ್ಕೋ, ನಿನ್ನ ಮೈ ಬೆಚ್ಚಗಿದೆ. ಮಗ್ಗುಲು ಬದಲಿಸ್ಬೇಡ. ಗೊರಕೆ ಬೇಕಾದ್ರೆ ಹೊಡಿ."

ಗೊರಕೆ ಹೊಡೆಯಲು ನಿದ್ದೆ ಎಲ್ಲಿಂದ ಬರಬೇಕು? ಪಂಜರವನ್ನು ಅಂಗಿಯೊಳಗಿಟ್ಟುಕೊಂಡು, ಗೊಂಬೆಯ ಹಾಗೆ ನೆಟ್ಟಗೆ ಕೂತೇ ಬೆಳಗು ಮಾಡಿದ. ಅಡ್ಡಗಂಬ ಎದ್ದಾಗ ಪರದೆಯ ಅಂಕಿ ಕೆಂಪಾಗಿತ್ತು. ಏರು ಬಂದಲ್ಲಿ ಉಸಿರು ಬಿಗಿಹಿಡಿದು, ಇಳಿಜಾರು ಬಂದಲ್ಲಿ ಬಿಟ್ಟು, ತೆವಳುತ್ತ ತೆವಳುತ್ತ ಹೇಗೋ ಚಾರ್ಜಿನ ಜಾಗ ಮುಟ್ಟಿದರು.

ಮನೆ ಸೇರಿ, ಪಂಜರವನ್ನು ಪೆಟ್ಟಿಗೆಯೊಳಗೆ ಇಳಿಸಿ ಮುಚ್ಚಿ, ಅಕ್ಕ ಕಿವಿಯಿಟ್ಟಳು. ಏನಂತಾವೆ ಎಂದು ತಮ್ಮ ಕೇಳಿದ. ಅವಳು ಕೈಯೆತ್ತಿ ತಡೆದಳು.

"ಕಾರು ಪೂರ್ತಿ ಆಫ್ ಮಾಡಿದ್ದೀಯಾ?"

"ಮಾಡಿದ್ದೀನಿ ಅಕ್ಕ, ದೇವರಾಣೆ."

ಅವಳು ಮತ್ತೆ ಕಿವಿಯಿಟ್ಟು, ಬಹಳ ಹೊತ್ತು ಕಣ್ಣುಮುಚ್ಚಿ ನಿಂತಳು. ನರಳಿಕೆ ನಿಂತಿತ್ತು. ಅದರ ಜಾಗದಲ್ಲಿ ಮೆಲ್ಲನೆ ಒಂದು ಗುಂಯ್‌ಕಾರವಿತ್ತು.

"ಹಾಗಾದ್ರೆ ಇದು ಇವುಗಳದ್ದೇ," ಎಂದಳು.