ಮಾರೆಪ್ಪನ ತೊಡೆಯ ಕಬ್ಬಿಣ

ನಿಜಾಮನ ಸೀಮೆಯ ನಾರ್ವದ ಕಡೆ ಒಂದು ಊರು; ಆ ಊರಿಗೆ ಬರುವ ಮೊದಲೇ ಚಳಿ ಮಾರೆಪ್ಪನ ಎಡತೊಡೆಗೆ ಬರುತ್ತಿತ್ತು. ತೊಡೆಯೊಳಗೆ ಗೇಣುದ್ದದ ಉಕ್ಕಿನ ಪಟ್ಟಿ, ಅದಕ್ಕೆ ಆರು ತಿರುಪಿನ ಮೊಳೆ. ಮೂರು ವರ್ಷದ ಹಿಂದೆ ಸಿದ್ದಪ್ಪ ಪಟೇಲನ ಬಂಡಿ ಮಗುಚಿದಾಗ, ಪಟೇಲನನ್ನು ಆಚೆ ತಳ್ಳಿ ಚಕ್ರದಡಿ ತಾನು ಬಿದ್ದವನು ಈ ಜೀತದಾಳು. ಎಲುಬು ಎರಡು ತುಂಡಾಯಿತು. ಪಟೇಲ ಅವನನ್ನು ಹೈದರಾಬಾದಿನ ದವಾಖಾನೆಗೆ ಸೇರಿಸಿದ. ಅಂದಿನಿಂದ ಒಂದೇ ರಾಗ: "ಮಾರ್ಯಾನ ಮೈಯಾಗ ನನ್ನ ಕಬ್ಬಿಣ ಐತಿ." ತನ್ನ ಜೀವ ಉಳಿಸಿದವರು ಯಾರು ಅನ್ನುವುದು ಮಾತ್ರ ಅವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಬಂದೀತಾದರೂ ಹೇಗೆ?

ಪೊಲೀಸ್ ಆ್ಯಕ್ಷನ್ ಆಯಿತು. ನಿಜಾಮನ ಆಳ್ವಿಕೆ ಹೋಯಿತು, ಇನ್ನು ಜೀತ ಬಿಡಬಹುದು ಎಂದು ಮಕ್ತಲದ ಸಂತೆಯಲ್ಲಿ ಜನ ಮಾತಾಡಿಕೊಂಡರು. ಆದರೆ ಆ ಊರಲ್ಲಿ ಅದಕ್ಕೊಂದು ರೂಢಿ. ಜೀತ ಬಿಡುವವನು ಧಣಿಯ ಕಬ್ಬಿಣವನ್ನೆಲ್ಲ, ಕುಡಗೋಲು, ಕೊಡಲಿ, ನೇಗಿಲ ಕುಳ ಎಲ್ಲವನ್ನೂ ಹೊಸ್ತಿಲ ಮೇಲಿಟ್ಟು, ತಿರುಗಿ ನೋಡದೆ ಹೋಗಬೇಕು. ಒಂದು ಮೊಳೆ ಉಳಿದರೂ ಜೀತ ಬಿಟ್ಟಂತಲ್ಲ.

ಎರಡು ದಿನ ಮಾರೆಪ್ಪ ಕೂತಲ್ಲಿ ನಿಂತಲ್ಲಿ ತೊಡೆ ಮುಟ್ಟಿ ನೋಡಿಕೊಂಡ.

"ಅದನ್ನೂ ಇಡು ಅಂದ್ರ ಏನ್ ಮಾಡ್ಲಿ?" ಎಂದ ಹೆಂಡತಿ ಬುಚ್ಚಮ್ಮನಿಗೆ. "ತೊಡಿ ಸೀಳಸ್ತಾನ. ಕಮ್ಮಾರನ ಇಕ್ಕುಳ ತರಸ್ತಾನ."

"ದವಾಖಾನ್ಯಾಗ ಡಾಕ್ಟ್ರು ಏನಂದಿದ್ರು, ಮರ್ತಿಯೇನು?"

"ತುಕ್ಕು ಹಿಡಿಯೋ ಕಬ್ಬಿಣ ಅಲ್ಲಂತ. ರಕ್ತದಾಗ ಇದ್ರೂ ಕೆಡಂಗಿಲ್ಲಂತ. ಎಲುಬು ಅದಕ್ಕ ಕೂಡಿಕೊಂತೈತಂತ."

"ಮತ್ತ? ನಿನ್ನ ಎಲುಬು ಅದನ್ನ ತನ್ನದು ಅಂದು ಮೂರು ವರ್ಷಾತು. ನೀನೇ ಇನ್ನಾ ನಂದು ಅಂದಿಲ್ಲ."

ಮರುದಿನ ಬೆಳಿಗ್ಗೆ ಮಾರೆಪ್ಪ ಕುಂಟುತ್ತ ಹೋಗಿ ಹೊಸ್ತಿಲ ಮೇಲೆ ಕುಡಗೋಲಿಟ್ಟ, ಕೊಡಲಿ ಇಟ್ಟ, ಕುಳ ಇಟ್ಟ. ಪಟೇಲ ಅಡಿಕೆ ಜಗಿಯುತ್ತಲೇ ನೋಡಿದ. ಅಂಗಳದಲ್ಲಿ ಬೇರೆ ಜೀತದಾಳುಗಳು ನಿಂತಿದ್ದರು.

"ಇನ್ನೊಂದು ಐತಲ್ಲ. ತೊಡ್ಯಾಗಿಂದು. ಅದನ್ನೂ ಇಟ್ಟು ಹೋಗು."

ಮಾರೆಪ್ಪನ ಧೋತರ ಒದ್ದೆಯಾಯಿತು. ನಗುವವರು ನಗಲಿ, ನಾನು ಆದದ್ದನ್ನು ಹೇಳುತ್ತಿದ್ದೇನೆ. ಓಡೋಣವೆಂದರೆ ಆ ಕಾಲಿಗೆ ಓಟವೆಲ್ಲಿ? ಅಲ್ಲೇ ಕುಸಿದು ಕುಳಿತ. ಕುಳಿತವನು ಎಡಗಾಲನ್ನು ಹೊಸ್ತಿಲ ಮೇಲೆ ಅಡ್ಡ ಚಾಚಿದ.

"ತಗೋರಿ ಧಣ್ಯಾರ. ನಿಮ್ಮ ಕೈಯಿಂದನ ಕೊಯ್ದು ತಗೋರಿ. ನಿಮ್ಮನ್ನ ಉಳಸಾಕ ಮುರಕೊಂಡ ಕಾಲು ಇದು."

ಪಟೇಲ ತಾನು ಏಳಲಿಲ್ಲ. ತನ್ನ ಕೈಯಿಂದ ಅವನು ಏನು ತಾನೆ ಮಾಡಿದ್ದ?

"ಲೇ ಕಿಷ್ಟ್ಯಾ, ಬಾ. ಕುಡಗೋಲು ಹಿಡಿ."

ಕಿಷ್ಟಪ್ಪನೂ ಜೀತದಾಳು. ಸೊಂಟದ ಕುಡಗೋಲನ್ನು ಕೈಗೆ ತೆಗೆದುಕೊಂಡು ಹತ್ತಿರ ಬಂದ. ಮಾರೆಪ್ಪ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ, ಬುಚ್ಚಮ್ಮನ ಹೆಸರು ಬಾಯಿಗೆ ಬಂತು. ಕಾಲ ಪಕ್ಕದಲ್ಲಿ ಕಬ್ಬಿಣದ ಸದ್ದಾಯಿತು. ನೋವಾಗಲಿಲ್ಲ. ಕಣ್ಣು ಬಿಟ್ಟರೆ ಕಿಷ್ಟಪ್ಪನ ಕುಡಗೋಲು ಹೊಸ್ತಿಲ ಮೇಲಿತ್ತು.

"ನಂದೂ ಇಟ್ಟೀನ್ರಿ ಧಣ್ಯಾರ," ಎಂದ ಕಿಷ್ಟಪ್ಪ.

ಹಿಂದೆಯೇ ಇನ್ನೊಬ್ಬ ಜೀತದಾಳು ಕುರುಮಯ್ಯನ ಕೊಡಲಿ ಬಿತ್ತು. ಆಮೇಲೆ ಒಬ್ಬೊಬ್ಬರೇ ಬಂದು ಇಟ್ಟರು. ಪಟೇಲನ ಬಾಯಲ್ಲಿ ಅಡಿಕೆ ನಿಂತುಹೋಯಿತು.

ಕಿಷ್ಟಪ್ಪ ಮಾರೆಪ್ಪನ ರಟ್ಟೆ ಹಿಡಿದು ಎಬ್ಬಿಸಿದ. ತೊಡೆಯ ಉಕ್ಕು ತೊಡೆಯಲ್ಲೇ ಇತ್ತು. ಮಾರೆಪ್ಪ ಹತ್ತು ಹೆಜ್ಜೆ ನಡೆದ. ಜೀತ ಬಿಟ್ಟವನು ತಿರುಗಿ ನೋಡಬಾರದು ಎಂದು ರೂಢಿ.

ಮಾರೆಪ್ಪ ನಿಂತು, ತನ್ನ ತೊಡೆಯ ಮೇಲೆ ಕೈಯಿಟ್ಟು, ತಿರುಗಿ, ಪಟೇಲನ ಮುಖವನ್ನೇ ನೋಡಿದ.